ಪುರಸಭೆಯ ನಳಕ್ಕೂ ನಾಡಿ ಪರೀಕ್ಷೆ ಬೇಕು



ಮಳೆಗಾಲ ಶುರುವಾಗಿ ತಿಂಗಳೊಪ್ಪತ್ತು ಕಳೆದರೆ ಸಾಕು, ನನ್ನ ದವಾಖಾನೆಯ ಬೆಂಚಿನ ಮೇಲೆ ಪರಿಚಯದ ಮುಖಗಳು ಕಾಣಿಸಿಕೊಳ್ಳುತ್ತವೆ. "ಹಕೀಂ ಸಾಹೇಬ್ರ, ಹೋದ ವರ್ಷ ದೊಡ್ಡಾವಗ ಬಂದಿದ್ದು ಈ ವರ್ಷ ಸಣ್ಣಾವಗ ಬಂದೈತ್ರಿ" ಎನ್ನುತ್ತ ತಾಯಿ ಮಗುವಿನ ರೆಪ್ಪೆ ಎತ್ತಿ ತೋರಿಸುತ್ತಾಳೆ. ಕಣ್ಣು ಹಳದಿಯಾಗಿರುತ್ತದೆ. ಕಾಮಾಲೆ. ನಾನು ಪಥ್ಯ ಹೇಳುತ್ತೇನೆ, ರಕ್ತ ಪರೀಕ್ಷೆಗೆ ಬರೆಯುತ್ತೇನೆ, ನೀರು ಕಾಯಿಸಿ ಕುಡಿಸಿ ಎನ್ನುತ್ತೇನೆ. ಮಗು ಗುಣವಾಗುತ್ತದೆ. ಮುಂದಿನ ವರ್ಷ ಅದೇ ಓಣಿಯ ಇನ್ನೊಂದು ಮಗು ಬರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದೇ ಓಣಿಯಿಂದ ಮೂರು ವಾರಗಳಲ್ಲಿ ಏಳು ಜನ ಕಾಮಾಲೆಯವರು ಬಂದರು. ಏಳನೆಯವಳು ಆರು ತಿಂಗಳ ಬಸುರಿ. ನೀರಿನಿಂದ ಹರಡುವ 'ಇ' ಬಗೆಯ ಕಾಮಾಲೆ ಬಸುರಿಯರಿಗೆ ಬಹಳ ಅಪಾಯಕಾರಿ. ಆಕೆಯನ್ನು ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಿದೆ. ಆಕೆ ಉಳಿದಳು, ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ.

ಆಮೇಲೆ ನಾನು ಆ ಊರಿನ ಕಚೇರಿಗೆ ಹೋದೆ. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಒಳ್ಳೆಯ ಮನುಷ್ಯರೇ. ನೀರು ಬಿಡುವವನನ್ನು ಕರೆಸಿ ನನ್ನೆದುರೇ ಬೈದರು. ಮರುದಿನ ಗಟಾರದ ಪಕ್ಕದಲ್ಲಿ ಸೋರುತ್ತಿದ್ದ ಒಂದು ಜಾಯಿಂಟ್ ರಿಪೇರಿಯಾಯಿತು. ಮುಂದಿನ ಮಳೆಗಾಲದಲ್ಲಿ ನೂರು ಹೆಜ್ಜೆ ಆಚೆ ಇನ್ನೊಂದು ಜಾಯಿಂಟ್ ಸೋರಿತು. ಮತ್ತೆ ಕಾಮಾಲೆ, ಮತ್ತೆ ಬೈಗುಳ.

ತಪ್ಪು ಅವರದಷ್ಟೇ ಅಲ್ಲ, ನನ್ನದೂ ಇತ್ತು. ಆ ಏಳು ಜನರಲ್ಲಿ ಮೂರನೆಯವರು ಬಂದ ದಿನವೇ 'ಇವರೆಲ್ಲ ಯಾವ ಓಣಿಯವರು, ಯಾವ ನಳದ ನೀರು ಕುಡಿದವರು' ಎಂದು ಬರೆದಿಟ್ಟಿದ್ದರೆ ಅಂದೇ ಸುಳಿವು ಸಿಗುತ್ತಿತ್ತು. ನಾನು ಹೆಸರು, ವಯಸ್ಸು, ಔಷಧ ಮಾತ್ರ ಬರೆದಿದ್ದೆ. ಏಳನೆಯವಳು ಬರುವವರೆಗೆ ನನಗೂ ಗೊತ್ತಾಗಲಿಲ್ಲ.

ಈ ತಿಂಗಳ ಮಾತು ಇದರ ಬಗ್ಗೆಯೇ. ಕಾರ್ಖಾನೆಗಳಲ್ಲಿ 'ಸಮಗ್ರ ಗುಣಮಟ್ಟ ನಿರ್ವಹಣೆ' ಎಂಬ ಒಂದು ಪದ್ಧತಿ ಇದೆ. ಅದನ್ನು ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿಗಳಲ್ಲಿ ನಡೆಸಿದರೆ ನಿಮ್ಮ ಮಗುವಿನ ಆರೋಗ್ಯಕ್ಕೆ ಏನು ಲಾಭ, ಅದರಲ್ಲಿ ನಿಮ್ಮ ಪಾಲೇನು ಎಂದು ನೋಡೋಣ.

ಆರು ಕಾರಣಗಳು, ಎರಡು ನಮ್ಮ ಕೈಮೀರಿದವು

ಯುನಾನಿ ವೈದ್ಯದಲ್ಲಿ 'ಅಸ್ಬಾಬ್-ಎ-ಸಿತ್ತಾ ಜರೂರಿಯಾ' ಎಂಬ ಪಾಠವಿದೆ. ಆರೋಗ್ಯ ಉಳಿಯಲು ಅಥವಾ ಕೆಡಲು ಕಾರಣವಾಗುವ ಆರು ಅಗತ್ಯ ಸಂಗತಿಗಳು ಇವು: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಮತ್ತು ಹೊರಹೋಗಬೇಕಾದ್ದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್-ಖಾನೂನ್' ಗ್ರಂಥದಲ್ಲಿ ನೀರಿನ ಬಗೆಗಳನ್ನು ವಿವರಿಸಿ, ಕೆಟ್ಟ ನೀರನ್ನು ಕುದಿಸಿ, ಸೋಸಿ ಸರಿಮಾಡುವುದನ್ನೂ ಹೇಳಿದ್ದಾರೆ.

ಈ ಆರರಲ್ಲಿ ನಿದ್ದೆ, ವ್ಯಾಯಾಮ, ಊಟದ ಹಿತಮಿತ ನಮ್ಮ ಕೈಯಲ್ಲಿವೆ. ಆದರೆ ಓಣಿಯ ಗಾಳಿ, ನಳದ ನೀರು ಬಹುಪಾಲು ಊರಿನ ಆಡಳಿತದ ಕೈಯಲ್ಲಿವೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗಾಗಿ 18 ವಿಷಯಗಳನ್ನು ಪಟ್ಟಿ ಮಾಡಿದೆ. ನೀರು ಪೂರೈಕೆ, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿ ಎಲ್ಲ ಅದರಲ್ಲಿವೆ. ಹಾಗಾಗಿ ನಿಮ್ಮ ಮನೆಗೆ ಇಬ್ಬರು ವೈದ್ಯರಿದ್ದಾರೆ ಎಂದುಕೊಳ್ಳಿ. ಒಬ್ಬ ದವಾಖಾನೆಯಲ್ಲಿ ಕುಳಿತವನು, ಇನ್ನೊಬ್ಬ ಪುರಸಭೆಯಲ್ಲಿ ಕುಳಿತವನು. ಎರಡನೆಯವನು ಕೆಲಸ ಸರಿಯಾಗಿ ಮಾಡಿದರೆ ಮೊದಲನೆಯವನಿಗೆ ಕೆಲಸ ಕಡಿಮೆ.

ಬೈದರೆ ಗುಣಮಟ್ಟ ಬರುವುದಿಲ್ಲ

ಎರಡನೆಯ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ನೆಲಕಚ್ಚಿದ್ದವು. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅಲ್ಲಿಗೆ ಹೋಗಿ ಎಂಜಿನಿಯರುಗಳಿಗೂ ಕಾರ್ಖಾನೆಗಳ ಮುಖ್ಯಸ್ಥರಿಗೂ ಪಾಠ ಹೇಳಿದರು. ಅವರ ಮಾತಿನ ಸಾರ ಇಷ್ಟು. ಕೆಟ್ಟ ಸರಕು ಬಂದರೆ ಹೆಚ್ಚಿನ ಸಲ ತಪ್ಪು ಕೆಲಸಗಾರನದಲ್ಲ, ಕೆಲಸ ನಡೆಯುವ ಪದ್ಧತಿಯದು. ಕೊನೆಯಲ್ಲಿ ತಪಾಸಣೆ ಮಾಡಿ ಕೆಟ್ಟದ್ದನ್ನು ಎಸೆಯುವ ಬದಲು ಪ್ರತಿ ಹಂತದಲ್ಲೂ ಕೆಡದಂತೆ ನೋಡಿಕೊಳ್ಳಿ. ಊಹೆ ಬಿಡಿ, ಅಳತೆ ಮಾಡಿ. ಕೆಲಸಗಾರನ ಮನಸ್ಸಿನಿಂದ ಹೆದರಿಕೆ ತೆಗೆಯಿರಿ, ಇಲ್ಲವಾದರೆ ಅವನು ತಪ್ಪನ್ನು ಮುಚ್ಚಿಡುತ್ತಾನೆ.

ಹಳೆಯ ಮುಸ್ಲಿಂ ಪಟ್ಟಣಗಳಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿ ಪೇಟೆಯಲ್ಲಿ ತಿರುಗಾಡಿ ತೂಕ, ಅಳತೆ, ಆಹಾರದ ಶುಚಿತ್ವ ನೋಡುತ್ತಿದ್ದ. ತಪ್ಪು ಹಿಡಿಯುವ ಕಣ್ಣು ಇಂದಿಗೂ ಬೇಕು. ಆದರೆ ತಪ್ಪು ಹಿಡಿಯುವುದು ಬೇರೆ, ತಪ್ಪೇ ಆಗದಂತೆ ಕೆಲಸವನ್ನು ಜೋಡಿಸುವುದು ಬೇರೆ. ಡೆಮಿಂಗ್ ಹೇಳಿದ್ದು ಈ ಎರಡನೆಯದನ್ನು.

ಇದು ಕಾರ್ಖಾನೆಗೆ ಸರಿ, ಸರಕಾರಿ ಕಚೇರಿಗೆ ಹೊಂದುತ್ತದೆಯೇ ಎಂದು ನೀವು ಕೇಳಬಹುದು. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1983ರಿಂದ 1989ರವರೆಗೆ ಮೇಯರ್ ಆಗಿದ್ದ ಜೋಸೆಫ್ ಸೆನ್ಸೆನ್‌ಬ್ರೆನ್ನರ್ ಇದನ್ನು ಮಾಡಿ ನೋಡಿದರು. ಅವರು ಮೊದಲು ಆರಿಸಿಕೊಂಡದ್ದು ನಗರಾಡಳಿತದ ವಾಹನಗಳ ಗ್ಯಾರೇಜನ್ನು. ವಾಹನ ಕೆಟ್ಟರೆ ರಿಪೇರಿಗೆ ದಿನಗಟ್ಟಲೆ ಹಿಡಿಯುತ್ತಿತ್ತು. ಮೆಕ್ಯಾನಿಕ್‌ಗಳನ್ನೇ ಕೂರಿಸಿಕೊಂಡು ಕಾರಣ ಕೇಳಿದಾಗ ಬೇರೆಯೇ ಸಂಗತಿ ಹೊರಬಿತ್ತು. ನಗರಾಡಳಿತ ಪ್ರತಿ ಸಲ ಅಗ್ಗದ ಬೆಲೆ ನೋಡಿ ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಮಾದರಿಯ ವಾಹನ ಕೊಳ್ಳುತ್ತಿತ್ತು. ಅಷ್ಟೊಂದು ಬಗೆಯ ಬಿಡಿಭಾಗಗಳನ್ನು ಇಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ. ರೋಗ ಮೆಕ್ಯಾನಿಕನ ಕೈಯಲ್ಲಿರಲಿಲ್ಲ, ಖರೀದಿಯ ನಿಯಮದಲ್ಲಿತ್ತು. ಆ ಮೆಕ್ಯಾನಿಕ್‌ಗಳಿಗೆ ಇದು ಮೊದಲೇ ಗೊತ್ತಿತ್ತು, ಕೇಳಿದವರು ಮಾತ್ರ ಯಾರೂ ಇರಲಿಲ್ಲ. ನಮ್ಮ ನೀರು ಬಿಡುವವನಿಗೂ ಎಲ್ಲಿ ಪೈಪು ಸೋರುತ್ತದೆ ಎಂದು ಗೊತ್ತಿರುತ್ತದೆ. ಅವನನ್ನು ನಾವು ಬೈಯುತ್ತೇವೆ, ಕೇಳುವುದಿಲ್ಲ.

ನದಿಯಿಂದ ಲೋಟದವರೆಗೆ

ಈಗ ನಮ್ಮ ನೀರಿನ ದಾರಿ ನೋಡೋಣ. ಈ ನಾಲ್ಕೂ ಊರುಗಳಿಗೆ ತುಂಗಭದ್ರೆಯೇ ಮುಖ್ಯ ಆಸರೆ, ಸಾಲದ ಕಡೆ ಕೊಳವೆ ಬಾವಿ. ನದಿಯಿಂದ ಜಾಕ್‌ವೆಲ್, ಅಲ್ಲಿಂದ ಶುದ್ಧೀಕರಣ ಘಟಕ, ಆಮೇಲೆ ಎತ್ತರದ ಟಾಕಿ, ದೊಡ್ಡ ಪೈಪು, ವಾಲ್ವು, ಓಣಿಯ ಸಣ್ಣ ಪೈಪು, ನಿಮ್ಮ ಮನೆಯ ನಳ, ನಿಮ್ಮ ಸಿಂಟೆಕ್ಸ್ ಅಥವಾ ಹೌದು, ಅಡುಗೆಮನೆಯ ಕೊಡ, ಕೊನೆಗೆ ಮಗುವಿನ ಕೈಯ ಲೋಟ. ಶುದ್ಧೀಕರಣ ಘಟಕದಲ್ಲಿ ಚೊಕ್ಕಟವಾಗಿದ್ದ ನೀರು ಲೋಟಕ್ಕೆ ಬರುವಷ್ಟರಲ್ಲಿ ಕೆಡಬಹುದು. ಆದ್ದರಿಂದ 'ನಾವು ಶುದ್ಧ ನೀರನ್ನೇ ಬಿಟ್ಟಿದ್ದೇವೆ' ಎಂಬ ಕಚೇರಿಯ ಮಾತೂ, 'ನಮಗೆ ಹೊಲಸು ನೀರು ಬಂತು' ಎಂಬ ನಿಮ್ಮ ಮಾತೂ ಎರಡೂ ಒಟ್ಟಿಗೇ ನಿಜವಾಗಿರಬಹುದು.

ಇದಕ್ಕೆ ಪುರಾವೆ ನಮ್ಮ ಪಕ್ಕದಲ್ಲೇ ಇದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2007-08ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ ಶುರುವಾಯಿತು. ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ ನೀರು. ಸಂಶೋಧಕರು ಎರಡೂ ಕಡೆಯ ನಳಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನೂರು ಮಾದರಿಗಳಲ್ಲಿ ಸುಮಾರು 32ರಲ್ಲಿ ಮಲದ ಸೋಂಕು ತೋರಿಸುವ ಇ-ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು. ಸದಾ ನೀರಿರುವ ಕಡೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಕಾರಣ ಸರಳ. ಪೈಪಿನಲ್ಲಿ ನೀರು ಒತ್ತಡದಿಂದ ತುಂಬಿರುವಾಗ ಸೋರಿದರೂ ಒಳಗಿನ ನೀರು ಹೊರಗೆ ಹೋಗುತ್ತದೆ. ನೀರು ನಿಂತಾಗ ಪೈಪು ಖಾಲಿಯಾಗುತ್ತದೆ. ಆಗ ಅದೇ ಸೋರುವ ಜಾಗದಿಂದ ಗಟಾರದ ನೀರು ಒಳಗೆ ಬರುತ್ತದೆ. ಎಂಟು, ಹತ್ತು ದಿನಕ್ಕೊಮ್ಮೆ ನಳ ಬರುವ ಬೇಸಿಗೆಗಳನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟು ದಿನ ಪೈಪು ಖಾಲಿ ಎಂದರೆ ಅಷ್ಟು ದಿನ ಗಟಾರಕ್ಕೆ ಬಾಗಿಲು ತೆರೆದಂತೆ. ಮತ್ತೆ ನಳ ಬಂದಾಗ ಮೊದಲು ಬರುವ ಕೆಂಪು, ಕದಡಿದ ನೀರಿನಲ್ಲೇ ಹೊಲಸು ಹೆಚ್ಚು.

ಅದೇ ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳ ಆರೋಗ್ಯವನ್ನೂ ನೋಡಿದರು. ಸದಾ ನೀರು ಬಂದ ಮಾತ್ರಕ್ಕೆ ಎಲ್ಲ ಭೇದಿ ನಿಲ್ಲಲಿಲ್ಲ. ಆದರೆ ಟೈಫಾಯ್ಡ್ ಕಡಿಮೆ ಕಂಡಿತು. ನಳದಲ್ಲಿ ಶುದ್ಧವಾಗಿದ್ದ ನೀರು ಮನೆಯ ಕೊಡದಲ್ಲಿ ಮತ್ತೆ ಕೆಡುವುದೂ ಕಂಡುಬಂತು. ಅಂದರೆ ಸರಪಳಿಯ ಕೊನೆಯ ಕೊಂಡಿ ನಿಮ್ಮ ಅಡುಗೆಮನೆಯೇ.

ಒಂದು ವಾರ್ಡಿನಿಂದ ಶುರು ಮಾಡಿದರೆ

ಗುಣಮಟ್ಟ ನಿರ್ವಹಣೆಯ ಚಕ್ರಕ್ಕೆ ನಾಲ್ಕು ಹೆಜ್ಜೆ: ಯೋಜಿಸು, ಮಾಡು, ಪರಿಶೀಲಿಸು, ಸರಿಪಡಿಸು. ನಮ್ಮ ಕಚೇರಿಗಳಲ್ಲಿ ಮೊದಲೆರಡು ಆಗುತ್ತವೆ, ಮೂರನೆಯದು ಅಪರೂಪ. ಗದಗ-ಬೆಟಗೇರಿಯಲ್ಲಿ 35 ವಾರ್ಡುಗಳಿವೆ. 2011ರ ಜನಗಣತಿಯಂತೆ 1.72 ಲಕ್ಷ ಜನ. ಎಲ್ಲವನ್ನೂ ಒಮ್ಮೆಗೇ ಸರಿಮಾಡಲಾಗದು. ಒಂದು ವಾರ್ಡ್ ಸಾಕು. ಶಿರಹಟ್ಟಿಯಂಥ ಸಣ್ಣ ಊರಿಗೆ ಇದು ಇನ್ನೂ ಸುಲಭ. ಸಿಬ್ಬಂದಿ ಕಡಿಮೆ ಇರಬಹುದು, ಆದರೆ ನೀರು ಬಿಡುವವನಿಗೆ ಪ್ರತಿ ಓಣಿಯೂ ಗೊತ್ತು.

ಮೊದಲ ಕೆಲಸ ಅಳತೆ. ಗುರಿಗಳು ಈಗಾಗಲೇ ಇವೆ, ಹೊಸದಾಗಿ ಹುಡುಕಬೇಕಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಒಂದೂ ಇ-ಕೊಲೈ ಸಿಗಬಾರದು. ಕ್ಲೋರಿನ್ ಹಾಕಿದ ನೀರು ಗ್ರಾಹಕನನ್ನು ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಸೇವಾ ಮಟ್ಟದ ಮಾನದಂಡ ಗೊತ್ತುಮಾಡಿತು. ತಲೆಗೆ ದಿನಕ್ಕೆ 135 ಲೀಟರ್ ನೀರು, ನೂರಕ್ಕೆ 80 ದೂರುಗಳಿಗೆ 24 ಗಂಟೆಯಲ್ಲಿ ಪರಿಹಾರ ಅದರಲ್ಲಿ ಸೇರಿವೆ. ಗುರಿ ದೂರವಿರಬಹುದು. ಇಂದು ಎಲ್ಲಿದ್ದೇವೆ ಎಂದು ಬರೆದಿಟ್ಟರೆ ತಾನೇ ಮುಂದಿನ ತಿಂಗಳು ಎಷ್ಟು ನಡೆದೆವು ಎಂದು ತಿಳಿಯುವುದು?

ಕ್ಲೋರಿನ್ ಪರೀಕ್ಷೆಗೆ ಪ್ರಯೋಗಾಲಯ ಬೇಡ. ಆರೋಗ್ಯ ಕಾರ್ಯಕರ್ತರು 'ಓ.ಟಿ. ಟೆಸ್ಟ್' ಎಂದು ಕರೆಯುವ ಪರೀಕ್ಷೆಯಲ್ಲಿ ನೀರಿಗೆ ಹನಿ ಔಷಧ ಹಾಕಿದರೆ ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರುತ್ತದೆ. ಇದನ್ನು ಟಾಕಿಯ ಬುಡದಲ್ಲಲ್ಲ, ಓಣಿಯ ಕಟ್ಟಕಡೆಯ ಮನೆಯ ನಳದಲ್ಲಿ ಮಾಡಬೇಕು. ಟಾಕಿಯಲ್ಲಿ ಹಳದಿ, ಕೊನೆಯ ಮನೆಯಲ್ಲಿ ಬಣ್ಣವೇ ಇಲ್ಲ ಎಂದಾದರೆ ನಡುವೆ ಎಲ್ಲೋ ಹೊಲಸು ಸೇರಿ ಕ್ಲೋರಿನನ್ನು ತಿಂದಿರಬಹುದು. ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಯಿತು.

ಎರಡನೆಯ ಕೆಲಸ, 'ಯಾಕೆ' ಎಂದು ಮತ್ತೆ ಮತ್ತೆ ಕೇಳುವುದು. ಕಾಮಾಲೆ ಯಾಕೆ ಬಂತು? ಗಟಾರದ ನೀರು ಪೈಪಿಗೆ ಸೇರಿತು. ಯಾಕೆ ಸೇರಿತು? ಜಾಯಿಂಟ್ ಸೋರುತ್ತಿತ್ತು. ಯಾಕೆ ರಿಪೇರಿಯಾಗಲಿಲ್ಲ? ಸಾಮಾನು ಇರಲಿಲ್ಲ. ಯಾಕೆ ಇರಲಿಲ್ಲ? ಪೈಪು ಒಡೆದ ಮೇಲೆ ತರಿಸುವ ರೂಢಿ. ಯಾಕೆ ಮೊದಲೇ ತರಿಸುವುದಿಲ್ಲ? ವರ್ಷಕ್ಕೆ ಎಷ್ಟು ಜಾಯಿಂಟ್ ಒಡೆಯುತ್ತವೆ ಎಂಬ ಲೆಕ್ಕವೇ ಇಲ್ಲ. ನೋಡಿ, ಮಗುವಿನ ಹಳದಿ ಕಣ್ಣಿನಿಂದ ಹೊರಟವರು ಒಂದು ಬರೆಯದ ರಿಜಿಸ್ಟರಿಗೆ ಬಂದು ಮುಟ್ಟಿದೆವು. ಬೈದಿದ್ದರೆ ನೀರು ಬಿಡುವವನ ಹತ್ತಿರವೇ ನಿಲ್ಲುತ್ತಿದ್ದೆವು.

ಮೂರನೆಯದು ವೈದ್ಯರ ಕೆಲಸ. ಟೈಫಾಯ್ಡ್ ಸಾಮಾನ್ಯವಾಗಿ ಸೋಂಕು ತಗುಲಿ ಒಂದರಿಂದ ಮೂರು ವಾರಕ್ಕೆ ಹೊರಬೀಳುತ್ತದೆ. ನೀರಿನ ಕಾಮಾಲೆಗೆ ಎರಡರಿಂದ ಏಳೆಂಟು ವಾರ ಬೇಕು. ಇಂದು ಕಣ್ಣು ಹಳದಿಯಾದ ಮಗು ಕೆಟ್ಟ ನೀರು ಕುಡಿದದ್ದು ಬಹುಶಃ ಹೋದ ತಿಂಗಳು. ಇಂದಿನ ನೀರನ್ನು ಪರೀಕ್ಷಿಸಿ 'ಚೆನ್ನಾಗಿದೆ' ಎಂದರೆ ವಾದ ಮುಗಿಯುವುದಿಲ್ಲ. ಯಾವ ದಿನ ಯಾವ ಓಣಿಗೆ ನೀರು ಬಿಟ್ಟರು, ಎಲ್ಲಿ ಪೈಪು ಅಗೆದರು ಎಂಬ ಬರಹ ಕಚೇರಿಯಲ್ಲಿರಬೇಕು. ಯಾವ ಓಣಿಯಿಂದ ಎಷ್ಟು ರೋಗಿಗಳು ಬಂದರು ಎಂಬ ಬರಹ ನಮ್ಮ ದವಾಖಾನೆಗಳಲ್ಲಿರಬೇಕು. ಎರಡನ್ನೂ ವಾರಕ್ಕೊಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಮುಂಡರಗಿ ಕಲಿಸುವ ಪಾಠ

ಎಲ್ಲ ಊರಿನ ರೋಗವೂ ಒಂದೇ ಅಲ್ಲ. ಮುಂಡರಗಿ ತಾಲೂಕಿನ ಹಲವೆಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂದು ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಮೂಡುತ್ತದೆ, ಅದು ತಿಕ್ಕಿದರೆ ಹೋಗದು. ಹಲವು ವರ್ಷ ಅತಿಯಾದರೆ ಕೀಲು, ಬೆನ್ನು ಬಿಗಿಯುತ್ತವೆ.

ಇಲ್ಲಿ ನೀರು ಕುದಿಸಿ ಎಂಬ ನನ್ನ ಎಂದಿನ ಮಾತು ನಡೆಯುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗದು. ಆವಿಯಾಗಿ ನೀರು ಇಂಗಿದಷ್ಟು ಅದರ ಪ್ರಮಾಣ ಏರುತ್ತದೆ. ಬ್ಲೀಚಿಂಗ್ ಪುಡಿಯೂ ಉಪಯೋಗವಿಲ್ಲ. ನದಿ ನೀರು ಅಥವಾ ಸರಿಯಾಗಿ ನಡೆಯುವ ಶುದ್ಧ ಕುಡಿಯುವ ನೀರಿನ ಘಟಕವೇ ದಾರಿ. ಆ ಘಟಕದಲ್ಲೂ ಪೊರೆ ಹಳೆಯದಾದರೆ ನೀರು ಸಿಹಿಯಾಗಿ ಕಂಡರೂ ಶುದ್ಧವಿರುವುದಿಲ್ಲ. ಆದ್ದರಿಂದ ಘಟಕ ಉದ್ಘಾಟನೆಯ ಫಲಕದ ಪಕ್ಕ ಇನ್ನೊಂದು ಫಲಕ ಬೇಕು. ಅದರಲ್ಲಿ ಫಿಲ್ಟರ್ ಬದಲಿಸಿದ ದಿನ, ನೀರು ಪರೀಕ್ಷಿಸಿದ ದಿನ, ಬಂದ ಫಲಿತಾಂಶ ಇರಲಿ. ನಾಡಿ ನೋಡದೆ ಎಲ್ಲರಿಗೂ ಒಂದೇ ಪುಡಿ ಕೊಡುವ ಹಕೀಮನನ್ನು ನೀವು ನಂಬುತ್ತೀರಾ?

ನಿಮ್ಮ ಪಾಲಿನ ಕೆಲಸ

ಪುರಸಭೆಯನ್ನು ಕೇಳುವ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ.

ನಳಕ್ಕೆ ನೇರವಾಗಿ ಮೋಟಾರ್ ಹಚ್ಚಬೇಡಿ. ಅದು ನಿಮ್ಮ ಮನೆಗೆ ನೀರನ್ನು ಎಳೆಯುವಾಗ ಸೋರುವ ಜಾಗದಿಂದ ಗಟಾರವನ್ನೂ ಎಳೆಯುತ್ತದೆ. ಅದನ್ನು ಕುಡಿಯುವವರು ನೀವು ಮತ್ತು ನಿಮ್ಮ ನೆರೆಯವರು.

ಒತ್ತಡ ಸಾಲದೆ ನೆಲ ಅಗೆದು ಗುಂಡಿಯೊಳಗೆ ನಳ ಇಟ್ಟಿದ್ದರೆ ಅದಕ್ಕೆ ಬಿರಡೆ ಹಾಕಿ, ಗುಂಡಿ ಒಣಗಿರುವಂತೆ ನೋಡಿಕೊಳ್ಳಿ. ಪಾತ್ರೆ ತೊಳೆದ ನೀರು ಆ ಗುಂಡಿಗೆ ಬೀಳಬಾರದು.

ಮೊದಲು ಬರುವ ಕದಡಿದ ನೀರನ್ನು ಕುಡಿಯಲು ಹಿಡಿಯಬೇಡಿ, ನೆಲ ತೊಳೆಯಲು ಬಳಸಿ. ಕುಡಿಯುವ ನೀರನ್ನು ಕುದಿ ಬರುವವರೆಗೆ ಕಾಯಿಸಿ, ಮುಚ್ಚಿ ಆರಿಸಿ. ಕೊಡಕ್ಕೆ ಕೈ ಅದ್ದದಂತೆ ಉದ್ದ ಹಿಡಿಕೆಯ ಸವಟು ಇಡಿ ಅಥವಾ ನಲ್ಲಿ ಇರುವ ಪಾತ್ರೆ ಬಳಸಿ.

ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಕೂಡಲೇ ಶುರು ಮಾಡಿ. ಬಿಡದ ಜ್ವರ, ಹಳದಿ ಕಣ್ಣು ಕಂಡರೆ, ಅದರಲ್ಲೂ ಬಸುರಿಯರಿದ್ದರೆ, ನಾಟಿ ಔಷಧಿ ಹುಡುಕುತ್ತ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ಯುನಾನಿ ವೈದ್ಯನಾಗಿ ನಾನೇ ಈ ಮಾತು ಹೇಳುತ್ತಿದ್ದೇನೆ.

ಇನ್ನು ಓಣಿಯ ಕೆಲಸ. ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ನಳ ಬಂದ ದಿನ, ಹೊತ್ತು, ಎಷ್ಟು ತಾಸು ಬಂತು, ನೀರಿನ ಬಣ್ಣ, ವಾಸನೆ ಬರೆಯಿರಿ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಇದನ್ನು ಸುಲಭವಾಗಿ ಮಾಡಬಲ್ಲಳು. ದೂರು ಕೊಡುವಾಗ ಬಾಯಿಮಾತು ಬೇಡ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ದಿನಾಂಕ ನೋಟ್‌ಬುಕ್ಕಿನಲ್ಲಿ ಬರೆಯಿರಿ. 'ನೀರು ಹೊಲಸಾಗಿದೆ' ಎನ್ನುವುದಕ್ಕಿಂತ 'ಇಂಥ ತಿಂಗಳು ನಾಲ್ಕು ಸಲ ನಳ ಬಂತು, ಮೂರು ಸಲ ಗಟಾರದ ವಾಸನೆ ಇತ್ತು' ಎಂಬ ಮಾತಿಗೆ ತೂಕ ಹೆಚ್ಚು.

ಬರಹದ ಬಲವನ್ನು ನಾವು ಈಗಾಗಲೇ ಕಂಡಿದ್ದೇವೆ. ಕರ್ನಾಟಕದಲ್ಲಿ 2012ರಿಂದ ಸಕಾಲ ಯೋಜನೆ ಇದೆ. ಜನನ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೆ ಸಂಖ್ಯೆ ಇರುವ ಸ್ವೀಕೃತಿ ಸಿಗುತ್ತದೆ, ಇಷ್ಟು ದಿನದೊಳಗೆ ಕೊಡಬೇಕೆಂಬ ಗಡುವು ಇದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕಿದೆ. ಒಂದು ಕಾಗದಕ್ಕೆ ದಿನದ ಲೆಕ್ಕ ಇಡಬಹುದಾದರೆ ಸೋರುವ ಜಾಯಿಂಟಿಗೂ ಇಡಬಹುದು. ನಿಮ್ಮ ವಾರ್ಡಿನ ಸದಸ್ಯರನ್ನು ಮುಂದಿನ ಸಲ ಕಂಡಾಗ ಇದನ್ನೇ ಕೇಳಿ: ದೂರು ಬಂದ ದಿನ ಮತ್ತು ರಿಪೇರಿಯಾದ ದಿನ ಎರಡನ್ನೂ ಕಚೇರಿಯ ಗೋಡೆಯ ಮೇಲೆ ಬರೆಯಿಸುತ್ತೀರಾ?

ನಮ್ಮ ಜಮಾಅತ್‌ಗಳೂ ಈ ಚಕ್ರವನ್ನು ಕಲಿಯಬಹುದು. ಬಕ್ರೀದಿಗೆ ವಾರ ಮೊದಲೇ ಪುರಸಭೆಯವರ ಜೊತೆ ಕುಳಿತು ತ್ಯಾಜ್ಯ ಸಂಗ್ರಹದ ಜಾಗ, ಗಾಡಿಯ ಹೊತ್ತು, ಚೀಲ ಗೊತ್ತುಮಾಡಿಕೊಳ್ಳಿ. ಹಬ್ಬ ಮುಗಿದ ಮೇಲೆ ಮತ್ತೊಮ್ಮೆ ಕುಳಿತು ಎಲ್ಲಿ ಗಾಡಿ ತಡವಾಯಿತು, ಯಾವ ಓಣಿಯವರು ಗಟಾರಕ್ಕೆ ಎಸೆದರು ಎಂದು ಬರೆದಿಡಿ. ಕಟ್ಟಿದ ಗಟಾರದ ನೀರು ಉಕ್ಕಿ ಪಕ್ಕದ ಪೈಪಿನತ್ತಲೇ ಹೋಗುತ್ತದೆ. ಆ ಗಟಾರವನ್ನು ಬಳಿಯುವ ಪೌರಕಾರ್ಮಿಕರೂ ಈ ಸರಪಳಿಯ ಒಂದು ಕೊಂಡಿ. ಅವರಿಗೆ ಕೈಗವಸು, ಬೂಟು ಸಿಕ್ಕಿದೆಯೇ ಎಂದು ಕೇಳುವುದೂ ಗುಣಮಟ್ಟದ ಪ್ರಶ್ನೆಯೇ. ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಆ ಏಳು ಜನರ ನಂತರ ನನ್ನ ಮೇಜಿನ ಮೇಲೆ ಒಂದು ರಿಜಿಸ್ಟರ್ ಇದೆ. ಭೇದಿ, ಟೈಫಾಯ್ಡ್, ಕಾಮಾಲೆ ಎಂದು ಬಂದವರ ಓಣಿ, ನೀರಿನ ಮೂಲ, ದಿನಾಂಕ ಅದರಲ್ಲಿರುತ್ತವೆ. ಒಂದೇ ಓಣಿಯಿಂದ ಎರಡನೆಯವರು ಬಂದ ಕೂಡಲೇ ಕಚೇರಿಗೆ ಫೋನ್ ಮಾಡುತ್ತೇನೆ, ಸಂಜೆ ಒಂದು ಚೀಟಿಯನ್ನೂ ಕಳಿಸುತ್ತೇನೆ. ಮೊದಮೊದಲು ಬೇಸರ ಮಾಡಿಕೊಳ್ಳುತ್ತಿದ್ದರು. ಹೋದ ಮಳೆಗಾಲದಲ್ಲಿ ಆ ನೀರು ಬಿಡುವವನೇ ದವಾಖಾನೆಗೆ ಬಂದು, "ಸಾಹೇಬ್ರ, ಈ ಸಲ ಯಾವ ಓಣಿರಿ?" ಎಂದು ಕೇಳಿದ. ರಿಜಿಸ್ಟರ್ ತೆರೆದು ತೋರಿಸಿದೆ. ಅವನು ಆ ಓಣಿಯ ಹೆಸರಿನ ಮೇಲೆ ಬೆರಳಿಟ್ಟು, ಎಲ್ಲಿ ಅಗೆಯಬೇಕೆಂದು ನನಗೆ ಹೇಳಿದ.